ಮಕ್ಕಳ ಕೇಶಸಂಸ್ಕಾರ

ಕಣ್ಣು, ಮೂಗು, ಕಿವಿಗಳು ಹುಟ್ಟಿನಿಂದ ಹೇಗೆ ಬಂದವೋ ಹಾಗೆಯೇ ಉಳಿಯುವವು. ಅವುಗಳನ್ನು ತಿದ್ದುವ ಅಧಿಕಾರವು ತಾಯಿತಂದೆಗಳಿಗಿಲ್ಲ. ತಲೆಗೂದಲಿನ ಮಾತು ಹಾಗಲ್ಲ. ಅದು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯುತ್ತಲೇ ಇರುವದು; ಎಣ್ಣೆ, ನೀರು, ಹಣಿಗೆ, ಕತ್ತರಿಗಳನ್ನು ಬೇಡುತ್ತಲೇ ಇರುವದು. ತನ್ನ ತಲೆಯನ್ನು ತಾನೇ ನೋಡಿಕೊಳ್ಳುವ ಉಪಾಯವು ಎಳೆಯ ಮಗುವಿಗೆ ತಿಳಿಯದು. ಅದು ಕನ್ನಡಿಯ ಮುಂದೆ ನಿಲ್ಲುವದಕ್ಕಿಂತ ಮೊದಲೇ ಅದರ ತಲೆಯ ಮೇಲೆ ಹತ್ತಾರು ಕೈಗಳು ಆಡಿರುತ್ತವೆ. ತಾನು ನೋಡುವವರ ಕಣ್ಣಿಗೆ ಹೇಗಿದ್ದೇನೆಂಬ ಮೊದಲಿನ ಪಾಠವು ಮಗುವಿಗೆ ಆ ಕೈಗಳಿಂದಲೇ ದೊರೆಯುವದು. ಮೃದುವಾದ ಕೈ ಒಂದು ಪಾಠವನ್ನು ಹೇಳುವದು. ಸಿಡುಕಿನ ಕೈ ಇನ್ನೊಂದನ್ನು ಹೇಳುವದು. ಆದುದರಿಂದ ಮಕ್ಕಳ ತಲೆಗೂದಲಿನ ವಿಚಾರವು ಬಚ್ಚಲುಮನೆಯ ಕ್ಷುಲ್ಲಕ ವಿಚಾರವೆಂದು ತಳ್ಳತಕ್ಕದ್ದಲ್ಲ.

ಹಿರಿಯರು ಇದನ್ನು ಕ್ಷುಲ್ಲಕವೆಂದು ಎಣಿಸಿರಲಿಲ್ಲವೆಂಬುದಕ್ಕೆ ಚೌಲಕರ್ಮವೇ ಸಾಕ್ಷಿ. ಹದಿನಾರು ಸಂಸ್ಕಾರಗಳಲ್ಲಿ ಅದೂ ಒಂದು. ಮೂರನೆಯ ವರ್ಷದಲ್ಲಿ ಅಥವಾ ಆಯಾ ಕುಲದ ಆಚಾರವಿದ್ದಂತೆ ಅದನ್ನು ಮಾಡಬೇಕೆಂದು ಆಶ್ವಲಾಯನ ಗೃಹ್ಯಸೂತ್ರವು ವಿಧಿಸುವದು. ಮನುವು ಮೊದಲನೆಯ ವರ್ಷವನ್ನೂ ಒಪ್ಪಿರುವನು. ಈಗ ಅನೇಕ ಮನೆಗಳಲ್ಲಿ ಅದು ಉಪನಯನದ ಜೊತೆಗೇ ಸರಿದು ಬಂದಿರುವದರಿಂದ, ಅದರ ಪ್ರಯೋಗದ ಅಂದವನ್ನು ಗಮನಿಸುವವರು ಕಡಿಮೆ. ಮಗುವು ತಾಯಿಯ ತೊಡೆಯ ಮೇಲೆ ಕೂತಿರುವದು. ಬಿಸಿನೀರನ್ನೂ ತಣ್ಣೀರನ್ನೂ ಬೆರೆಸಿ, ಹದ ನೋಡಿ, ತಂದೆಯು ಅದರ ತಲೆಯನ್ನು ತೋಯಿಸುವನು. ಕೂದಲಿನ ನಡುವೆ ದರ್ಭೆಯ ಎಳೆಗಳನ್ನಿಟ್ಟು, ಈ ಮಗುವನ್ನು ಕಾಪಾಡೆಂದು ಅವುಗಳನ್ನು ಬೇಡಿಕೊಳ್ಳುವನು. ಆಮೇಲೆ ಕತ್ತಿಯನ್ನು ಕೈಗೆತ್ತಿಕೊಂಡು, ಇವನನ್ನು ಹಿಂಸಿಸಬೇಡವೆಂದು ಆ ಕತ್ತಿಯನ್ನೇ ಪ್ರಾರ್ಥಿಸುವನು. ಕತ್ತರಿಸಿದ ಕೂದಲನ್ನು ಸಹ ಎಲ್ಲೆಂದರಲ್ಲಿ ಬಿಸುಡುವದಿಲ್ಲ. ಶಮೀಪತ್ರದೊಡನೆ ಗೋಮಯದ ಮೇಲಿಡುವರು.

ಈ ವಿಧಿಯಲ್ಲಿ ನಂಬುಗೆಯುಳ್ಳವರಿಗೂ ಇಲ್ಲದವರಿಗೂ ಅದರೊಳಗಿನ ಒಂದು ಮಾತು ಸಮಾನವಾಗಿ ಸಲ್ಲುವದು. ಮಗುವಿನ ತಲೆಗೆ ಆಯುಧವನ್ನು ತಾಗಿಸುವವನು ತಂದೆಯೇ ಆದರೂ, ಮೊದಲು ಅಹಿಂಸೆಯನ್ನು ಬೇಡಿಕೊಂಡು ಆಮೇಲೆ ಕೈಯೆತ್ತಬೇಕು. ನೀರಿನ ಹದ, ತಾಯಿಯ ತೊಡೆ, ಕತ್ತಿಗೆ ಪ್ರಾರ್ಥನೆ, ಈ ಮೂರರಲ್ಲಿ ಮಕ್ಕಳ ಅಲಂಕಾರಶಾಸ್ತ್ರವೆಲ್ಲವೂ ಅಡಗಿದೆ ಎಂದರೂ ಸಲ್ಲುವದು. ಹೆಣ್ಣುಮಕ್ಕಳಿಗೂ ಇದೇ ಕರ್ಮವನ್ನು ಮಂತ್ರವಿಲ್ಲದೆ ಮಾಡತಕ್ಕದ್ದೆಂದು ಸೂತ್ರಕಾರರು ಹೇಳಿರುವರು. ಮಂತ್ರವು ಅಲ್ಲಿಯೇ ಮೌನವಾದುದರ ಫಲವನ್ನು ಹೆಣ್ಣುಮಕ್ಕಳು ಮುಂದೆ ಬಹುಕಾಲ ಉಣ್ಣಬೇಕಾಯಿತು. ಆ ಮಾತು ಮುಂದೆ ಬರುವದು.

ಶಾಸ್ತ್ರವು ಎಲ್ಲರ ತಲೆಗೂ ಒಂದೇ ರೂಪವನ್ನು ವಿಧಿಸಿದೆ ಎಂಬ ತಿಳುವಳಿಕೆಯೂ ಸರಿಯಲ್ಲ. ವಸಿಷ್ಠ ಗೋತ್ರದವರಿಗೆ ಬಲಗಡೆಗೆ ಜುಟ್ಟು, ಅತ್ರಿಗಳಿಗೆ ಮೂರು, ಅಂಗಿರಸರಿಗೆ ಐದು, ಭೃಗುಗಳಿಗೆ ಬೋಳುತಲೆ, ಉಳಿದವರಿಗೆ ಒಂದು ಶಿಖೆ ಎಂದು ಪೂರ್ವದಲ್ಲಿ ವ್ಯವಸ್ಥೆಯಿದ್ದಿತು. ಅಂದಿನ ಗುರುಕುಲವೊಂದರಲ್ಲಿ ಇಷ್ಟು ಬಗೆಯ ತಲೆಗಳು ಒಂದೇ ಪಂಕ್ತಿಯಲ್ಲಿ ಕೂತು ವೇದ ಹೇಳುತ್ತಿದ್ದುದನ್ನು ಊಹಿಸಿಕೊಂಡರೆ, ಒಂದೇ ಅಚ್ಚಿನ ತಲೆಯಿಂದಲೇ ಶಿಸ್ತು ಬರುವದೆಂಬ ವಾದವು ನಿಲ್ಲಲಾರದು. ಇನ್ನು ಚೌಲವಾದ ಬಳಿಕ ಬಾಲಕರು ಕಿವಿಯ ಮೇಲೆ ಇಳಿಬಿಡುತ್ತಿದ್ದ ಕೂದಲಿಗೆ ಕಾಕಪಕ್ಷವೆಂಬ ಹೆಸರುಂಟು. ಕಾಗೆಯ ರೆಕ್ಕೆಯಂತೆ ಎರಡು ಮಗ್ಗುಲಿಗೂ ತೂಗುವ ಕಪ್ಪು ಜೊಂಪೆಗಳು. ರಘುವಂಶದ ಮೂರನೆಯ ಸರ್ಗದಲ್ಲಿ ರಘುಕುಮಾರನು ಅಕ್ಷರಾಭ್ಯಾಸಕ್ಕೆ ಹೋಗುವಾಗ, ಅವನ ಜೊತೆಯ ಮಂತ್ರಿಪುತ್ರರ ಓಲಾಡುವ ಕಾಕಪಕ್ಷಗಳನ್ನು ಹೇಳಲು ಕಾಲಿದಾಸನು ಮರೆತಿಲ್ಲ. ವಿಶ್ವಾಮಿತ್ರನು ಯಜ್ಞರಕ್ಷಣೆಗಾಗಿ ಕರೆದೊಯ್ದ ರಾಮನೂ ಕಾಕಪಕ್ಷಧರನೇ. ಬಾಲ್ಯಕ್ಕೆ ಒಪ್ಪುವ ಚೆಲುವು ವಿದ್ಯೆಗಾಗಲಿ ವೀರಕ್ಕಾಗಲಿ ವಿಘ್ನವೆಂದು ಆ ಕವಿಗಳು ಬಗೆಯಲಿಲ್ಲ.

ಗ್ರಂಥಗಳ ಮಾತು ಹೀಗಾದರೆ, ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟದ ಮನೆಗಳಲ್ಲಿ ಈ ವಿದ್ಯೆಯ ಪಾಠಶಾಲೆಯೆಂದರೆ ಬಚ್ಚಲುಮನೆ. ಅಡಿಕೆಯ ಸಿಪ್ಪೆ ಹೊಗೆಯಾಡುವ ಒಲೆ, ಅದರ ಮೇಲೆ ತಾಮ್ರದ ಹಂಡೆ, ಮಣೆಯ ಮೇಲೆ ಕಣ್ಣು ಮುಚ್ಚಿ ಕೂತ ಮಕ್ಕಳು. ಮಳೆಗಾಲದಲ್ಲಿ ಹೊರಗೆ ಹೆಂಚಿನಿಂದ ಧಾರೆ ಸುರಿಯುತ್ತಿರುವಾಗ ಒಳಗೆ ಅಜ್ಜಿಯ ಕೈಯ ನೀರು. ಕೊಬ್ಬರಿ ಎಣ್ಣೆಯನ್ನು ನೆತ್ತಿಗೆ ತಟ್ಟಿ, ದಾಸವಾಳದ ಸೊಪ್ಪನ್ನೋ ಮತ್ತಿಯ ಸೊಪ್ಪನ್ನೋ ನೀರಿನಲ್ಲಿ ಕಿವುಚಿ ಲೋಳೆ ತೆಗೆದು ತಲೆಗೆ ತಿಕ್ಕುವರು. ಜಿಡ್ಡು ಹೆಚ್ಚಾದವರಿಗೆ ಸೀಗೆಯ ಪುಡಿ. ಅದು ಕಣ್ಣಿಗೆ ಬಿದ್ದು ಅತ್ತ ಮಗುವಿಗೆ ಅಂದು ಒಂದು ತುಂಡು ಬೆಲ್ಲ ಹೆಚ್ಚು. ನೀರು ಎರೆಯುವ ಮೊದಲು ಅಜ್ಜಿಯು ಹೊರಮುಂಗೈಯ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡುವಳು. ಸೂತ್ರಗಳಲ್ಲಿ ತಂದೆಗೆ ಹೇಳಿದ ನೀರಿನ ಹದವು, ಸೂತ್ರವನ್ನೆಂದೂ ಓದದ ಆಕೆಯ ಕೈಯಲ್ಲಿ ಹೀಗೆ ಉಳಿದು ಬಂದಿತು.

ಮಿಂದ ಮೇಲೆ ಜಗಲಿಯ ಬಿಸಿಲಿನಲ್ಲಿ ಎರಡನೆಯ ಪಾಠವು ನಡೆಯುವದು. ತಾಯಿಯ ಮುಂದೆ ಮಗಳು, ಅವಳ ಮುಂದೆ ಅವಳ ತಂಗಿ, ಹೀಗೆ ಮೂವರು ಸಾಲಾಗಿ ಕೂತು ಒಬ್ಬರ ತಲೆಯನ್ನೊಬ್ಬರು ಬಿಡಿಸುವ ನೋಟವು ಈ ಕಡೆಗೆ ಅಪರೂಪದ್ದೇನೂ ಅಲ್ಲ. ಸಿಕ್ಕನ್ನು ಬುಡದಿಂದ ಎಳೆಯದೆ ತುದಿಯಿಂದ ಬಿಡಿಸುತ್ತ ಬರಬೇಕು. ಬೈತಲೆಯನ್ನು ಹಣಿಗೆಯ ಮೊನೆಯಿಂದ ಗೀರದೆ ಸವರಿ ತೆಗೆಯಬೇಕು. ಜಡೆಯನ್ನು ನೆತ್ತಿ ನೋಯುವಷ್ಟು ಬಿಗಿಯಬಾರದು. ಬಿಗಿದು ಕಟ್ಟುವದೇ ಅಭ್ಯಾಸವಾದರೆ ಹಣೆಯಂಚಿನ ಕೂದಲು ಉದುರಿಹೋಗುವದೆಂದು ವೈದ್ಯರೂ ಹೇಳುವರು. ಬಕುಳ, ಸುರಗಿ, ಅಬ್ಬಲಿಗೆ, ಮಲ್ಲಿಗೆ ಎಂದು ಋತುವಿಗೊಂದು ಹೂವು ಮುಡಿಗೆ ಬರುವದು. ಮುಂಗಾರಿನ ಹೊತ್ತಿಗೆ ಮರದ ಮೇಲೆ ಬಿಡುವ ಸೀತಾಳೆ ದಂಡೆಯನ್ನು ಕಂಡು, ಅದನ್ನು ಇಳಿಸಿಕೊಡೆಂದು ಅಣ್ಣನನ್ನು ಕಾಡದ ಹುಡುಗಿಯಿಲ್ಲ. ಮೊಗ್ಗಿನ ಜಡೆ ಹೆಣೆಯುವದಕ್ಕೆ ಎರಡು ಮೂರು ತಾಸು ಹಿಡಿಯುವದು. ಅಷ್ಟು ಹೊತ್ತು ಮಗುವನ್ನು ಕೂರಿಸುವದು ಕತೆಯ ಬಲದಿಂದ. ಎಷ್ಟೋ ಮನೆಗಳಲ್ಲಿ ಪುರಾಣವು ಮಕ್ಕಳಿಗೆ ಜಡೆಯ ಎಳೆಯೊಡನೆಯೇ ಬಂದಿತು.

ಹೇನಿನ ವಿಷಯದಲ್ಲಿ ಮಾತ್ರ ಈ ಜಗಲಿಯಲ್ಲಿ ಒಂದು ಅನ್ಯಾಯವು ನಡೆಯುತ್ತ ಬಂದಿದೆ. ಹೇನು ಕಂಡೊಡನೆ 'ಕೊಳಕಿ' ಎಂದು ಹುಡುಗಿಯನ್ನು ಜರೆಯುವರು. ಹೇನು ಕೊಳಕಿನಿಂದ ಹುಟ್ಟುವದಲ್ಲ. ಅದಕ್ಕೆ ಹಾರಲೂ ಬಾರದು, ಜಿಗಿಯಲೂ ಬಾರದು. ತಲೆಗೆ ತಲೆ ತಾಗಿದಾಗ ಒಬ್ಬರಿಂದ ಇನ್ನೊಬ್ಬರಿಗೆ ಹರಿದು ಹೋಗುವದು. ದಿನವೂ ಮೀಯುವ ತಲೆಯನ್ನೂ ಅದು ಬಿಡದು. ಅದರ ಸೀರು ಒಡೆದು ಮರಿಯಾಗುವದಕ್ಕೆ 7ರಿಂದ 10 ದಿನ ಬೇಕು. ಆದುದರಿಂದ ಒಂದು ದಿನ ಬಾಚಿ ಬಿಟ್ಟರೆ ಪ್ರಯೋಜನವಿಲ್ಲ. ಒತ್ತು ಹಲ್ಲಿನ ಹಣಿಗೆಯಿಂದ ಎರಡು ಮೂರು ವಾರ ಬಿಡದೆ ತೆಗೆಯಬೇಕು, ಮನೆಯ ಎಲ್ಲರ ತಲೆಯನ್ನೂ ನೋಡಬೇಕು. ಗೆಳತಿಯರೊಡನೆ ತಲೆಗೂಡಿಸಿ ಪಿಸುಮಾತಾಡಿದ್ದೊಂದೇ ಆ ಹುಡುಗಿಯ ಅಪರಾಧ. ಅದಕ್ಕಾಗಿ ಅವಳನ್ನು ಹತ್ತು ಜನರ ಮುಂದೆ ನಾಚಿಸುವದು ಯಾವ ಆರೋಗ್ಯಶಾಸ್ತ್ರ?

ಗಂಡುಮಕ್ಕಳ ಪಾಠವು ಅಂಗಳದಾಚೆಗೆ ನಡೆಯುತ್ತಿದ್ದಿತು. ಗೊತ್ತಾದ ದಿನಕ್ಕೆ ಕ್ಷೌರಿಕನು ಬಂದು ಮರದ ನೆರಳಿನಲ್ಲಿ ಕೂಡ್ರುವನು. ಮನೆಯ ಹಿರಿಯರು, ಕಿರಿಯರು ಸರದಿಯಂತೆ ಅವನ ಮುಂದೆ ತಲೆ ಬಗ್ಗಿಸುವರು. ಅವನಿಗೆ ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಭತ್ತವನ್ನೋ ಅಡಿಕೆಯನ್ನೋ ಅಳೆದು ಕೊಡುವ ರೂಢಿಯಿದ್ದಿತು. ಕೆಲಸ ಮುಗಿದ ಮೇಲೆ ಹುಡುಗನು ಯಾರನ್ನೂ ಮುಟ್ಟದೆ ನೇರವಾಗಿ ಬಚ್ಚಲಿಗೆ ಹೋಗತಕ್ಕದ್ದು. 'ಆಯೀ, ಅವನು ಒಳಗೆ ಬಂದು ಆಸರಿಗೆ ಕುಡಿಯಬಾರದೆ?' ಎಂದು ಕೇಳಿದ ಮಗುವಿಗೆ 'ಸುಮ್ಮನಿರು ಮಾಣಿ' ಎಂಬುದೇ ಉತ್ತರ. ಕತ್ತರಿಸಿದ ಕೂದಲು ಅನ್ನಕ್ಕೆ ಬೀಳಬಾರದು, ಮೈ ತೊಳೆಯಬೇಕು ಎಂಬ ಮೊದಲ ಪಾಠವು ಒಳ್ಳೆಯದೇ. ಎಲ್ಲರ ತಲೆಯನ್ನೂ ಚೊಕ್ಕಟ ಮಾಡಿದವನನ್ನು ಮಾತ್ರ ಹೊರಗಿಡಬೇಕೆಂಬ ಎರಡನೆಯ ಪಾಠವನ್ನು ಅದರ ಜೊತೆಗೆ ಕಲಿಸಿದ್ದು ಒಳ್ಳೆಯದಾಗಲಿಲ್ಲ. ಮೈಯ ಕೊಳೆಯನ್ನು ತೊಳೆಯುವ ನೆಪದಲ್ಲಿ ಮನಸ್ಸಿಗೆ ಒಂದು ಕೊಳೆಯನ್ನು ಹಚ್ಚಿದಂತಾಯಿತು.

ಬಳಿಕ ಕ್ರಾಪಿನ ಕಾಲವು ಬಂದಿತು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾಯಿತು; ಇಂಗ್ಲಿಷು ಓದಲೆಂದು ಘಟ್ಟದ ಮೇಲಿನ ಹುಡುಗರು ಪಟ್ಟಣಗಳಿಗೆ ಹೋದರು. ಹೋಗುವಾಗ ಇದ್ದ ಜುಟ್ಟು ರಜೆಗೆ ಬರುವಾಗ ಇಲ್ಲ. ಶಿಖೆಯಿಲ್ಲದೆ ಕರ್ಮಾಧಿಕಾರವಿಲ್ಲವೆಂದು ತಂದೆ. ಜುಟ್ಟು ಕಟ್ಟಿಕೊಂಡು ಹೋದರೆ ಜೊತೆಯವರು ನಗುವರೆಂದು ಮಗ. ಊಟ ಬಿಟ್ಟವರುಂಟು, ಮಾತು ಬಿಟ್ಟವರುಂಟು. ಟೊಪ್ಪಿಗೆಯ ಕೆಳಗೆ ಕ್ರಾಪನ್ನು ಅಡಗಿಸಿ ಶ್ರಾದ್ಧಕ್ಕೆ ಕೂತವರೂ, ಕ್ರಾಪಿನ ನಡುವೆ ನಾಲ್ಕು ಎಳೆ ಉದ್ದವಾಗಿ ಬಿಟ್ಟು ಎರಡು ಪಕ್ಷಗಳನ್ನೂ ಸಮಾಧಾನಗೊಳಿಸಿದವರೂ ಉಂಟು. ಇಂದು ಆ ಜಗಳದ ಹೊಗೆಯೂ ಉಳಿದಿಲ್ಲ. ಅಂದು ಕುಲಗೇಡೆನಿಸಿದ ಕ್ರಾಪು ಇಂದು 'ಒಳ್ಳೆಯ ಹುಡುಗನ ತಲೆ' ಎನಿಸಿಕೊಂಡಿದೆ. ಮಾತು ಬಿಟ್ಟ ತಂದೆಮಕ್ಕಳಿಗೆ ಕಳೆದ ಆ ವರ್ಷಗಳು ಮಾತ್ರ ತಿರುಗಿ ಬರಲಿಲ್ಲ.

ಗಂಡುಮಕ್ಕಳ ಜಗಳವು ಮಾತು ಬಿಡುವಲ್ಲಿಗೆ ಮುಗಿದರೆ, ಹೆಣ್ಣುಮಕ್ಕಳ ತಲೆಯ ಮೇಲೆ ನಡೆದುದು ಅದಕ್ಕಿಂತ ಘೋರವಾದುದು. ಮೊಗ್ಗಿನ ಜಡೆ ಹಾಕಿಸಿಕೊಂಡು ಹಸೆಯ ಮೇಲೆ ಕೂತ ಎಳೆಯ ಹುಡುಗಿಯ ಗಂಡನು ತೀರಿಕೊಂಡರೆ, ಅವಳು ಮೈನೆರೆದ ಬಳಿಕ ಅದೇ ತಲೆಯನ್ನು ಬೋಳಿಸಿ ಕೆಂಪು ಸೀರೆಯನ್ನುಡಿಸುವ ಆಚಾರವು ಬ್ರಾಹ್ಮಣ ಮನೆಗಳಲ್ಲಿ ಇದ್ದಿತು. ಹೊನ್ನಾವರ ಸೀಮೆಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ವನ್ನು ಬರೆದು, ಹಣಕ್ಕಾಗಿ ಕನ್ಯೆಯನ್ನು ಮುದುಕನಿಗೆ ಮಾರುವ ಪದ್ಧತಿಯನ್ನು ನಗೆಯಾಡಿದರು. ಓದಿದವರು ನಕ್ಕರು, ಆದರೆ ಮುದುಕನ ಕೈಹಿಡಿದ ಮಗುವಿಗೆ ಮುಂದೆ ಏನು ಕಾದಿತ್ತೆಂಬುದು ನಗೆಯ ಮಾತಲ್ಲ. ತೀರ್ಥಹಳ್ಳಿಯ ಸೀಮೆಯ ಅಂಥ ಒಬ್ಬ ಬಾಲವಿಧವೆಯ ಬಾಳನ್ನು ಎಂ. ಕೆ. ಇಂದಿರಾ ಅವರು 1976ರಲ್ಲಿ 'ಫಣಿಯಮ್ಮ' ಕಾದಂಬರಿಯಲ್ಲಿ ಚಿತ್ರಿಸಿದರು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲಚ್ಚಿತ್ರವಾಗಿಸಿದರು. ತಾವು ಚಿಕ್ಕವರಿದ್ದಾಗ ಅಂಥ ಅಜ್ಜಿಯ ಮಡಿಲಲ್ಲಿ ಕೂತು ತಲೆ ಬಾಚಿಸಿಕೊಂಡವರು ಈ ಸೀಮೆಯಲ್ಲಿ ಇಲ್ಲದಿಲ್ಲ. ತನ್ನ ತಲೆಯಲ್ಲಿ ಇಲ್ಲದ ಜಡೆಯನ್ನು ಮೊಮ್ಮಗಳ ತಲೆಯಲ್ಲಿ ಹೆಣೆಯುವಾಗ ಆ ಬೆರಳುಗಳು ಏನನ್ನು ನೆನೆದವೋ!

ಇಲ್ಲಿ ಕತ್ತಿಗೆ ಪ್ರಾರ್ಥನೆಯೆಲ್ಲಿ? ಹಿಂಸಿಸಬೇಡವೆಂದವರು ಯಾರು? ಅಂದವರು, ಜಗಲಿಗೆ ಸೇರಿಸದೆ ಹೊರಗಿಟ್ಟವರೇ. ಉತ್ತರ ಕನ್ನಡ ಜಿಲ್ಲೆಯು 1862ರಿಂದ ಮುಂಬಯಿ ಇಲಾಖೆಗೆ ಸೇರಿದ್ದಿತು. ಆ ಮುಂಬಯಿಯಲ್ಲಿಯೇ 1890ರಲ್ಲಿ, ಕಾರ್ಮಿಕರ ಮುಂದಾಳಾದ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಕ್ಷೌರಿಕರು ಸಭೆ ಸೇರಿ, ಇನ್ನು ವಿಧವೆಯರ ತಲೆಯನ್ನು ಬೋಳಿಸೆವೆಂದು ನಿರ್ಣಯಿಸಿದರು. ಮಂತ್ರವನ್ನು ಬಲ್ಲವರು ಅದನ್ನು ಮರೆತಿದ್ದಾಗ, ಮಂತ್ರವನ್ನು ಕೇಳಲೂ ಅವಕಾಶವಿಲ್ಲದಿದ್ದವರು ಅದರ ಅರ್ಥವನ್ನು ನಡೆಸಿ ತೋರಿಸಿದರು. ಹುಡುಗಿಯರಿಗೆ 14 ವರ್ಷ ತುಂಬುವ ಮೊದಲು ಮದುವೆ ಕೂಡದೆಂಬ ಸಾರ್ಡಾ ಕಾಯಿದೆ ಬಂದುದು 1929ರಲ್ಲಿ. ಮುಂದೆ ವಿದ್ಯೆಯೂ ಕಾಲವೂ ಸೇರಿ ಆ ಕೆಟ್ಟ ಆಚಾರವನ್ನು ಅಳಿಸಿದವು.

ಅದು ಅಳಿಯಿತೆಂದು ನೆಮ್ಮದಿಯಿಂದಿರುವವರು ಯಲ್ಲಾಪುರದ ಕಾಡಿನಂಚಿನ ಶಾಲೆಗಳ ಕಡೆಗೆ ಒಮ್ಮೆ ನೋಡಬೇಕು. ಅಲ್ಲಿ ಸಿದ್ದಿ ಜನರ ಮಕ್ಕಳು ಓದುತ್ತಾರೆ. ಶತಮಾನಗಳ ಹಿಂದೆ ಆಫ್ರಿಕೆಯಿಂದ ಪಶ್ಚಿಮ ಕರಾವಳಿಗೆ, ಹೆಚ್ಚಾಗಿ ಗುಲಾಮರನ್ನಾಗಿ ತರಲ್ಪಟ್ಟವರ ಸಂತಾನ ಅವರು. ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡ, ಶಿರಸಿಗಳ ಕಾಡುಗಳಲ್ಲಿ ನೆಲೆಸಿ, ಈ ನೆಲದ ಭಾಷೆಗಳನ್ನೇ ಆಡುವರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅವರ ಮಕ್ಕಳ ಕೂದಲು ದಟ್ಟವಾಗಿ ಗುಂಗುರುಗುಂಗುರಾಗಿ ನೆತ್ತಿಗೆ ಅಂಟಿಕೊಂಡಿರುವದು. ಕೂದಲು ಹುಟ್ಟುವ ಬುಡದ ಕೋಶದ ಆಕಾರದಿಂದ ಹೀಗಾಗುವದೇ ಹೊರತು ಬಾಚದೆ ಬಿಟ್ಟಿದ್ದರಿಂದಲ್ಲ. ಆದರೂ ಅದನ್ನು ಎಳೆದು ನೋಡುವ ಸಹಪಾಠಿಗಳುಂಟು. 'ತಲೆ ಬಾಚಿಕೊಂಡು ಬಾ' ಎಂದು ಗದರಿಸುವ ಹಿರಿಯರೂ ಉಂಟು. ಎಣ್ಣೆ ಹಚ್ಚಿ ನೇರವಾಗಿ ಇಳಿಬಿಟ್ಟ ಎರಡು ಜಡೆಯೇ ಶಿಸ್ತಿನ ಗುರುತೆಂದು ಗೊತ್ತುಮಾಡಿದರೆ, ಆ ಮಗುವು ಹುಟ್ಟಿನಿಂದಲೇ ಅಶಿಸ್ತಿನದಾಗಬೇಕಾಯಿತು.

ಸಂಸ್ಕೃತ ಕಾವ್ಯವನ್ನು ಬಲ್ಲವರಿಗಂತೂ ಇದು ನಾಚಿಕೆಯ ಸಂಗತಿ. ಅಲಕವೆಂದರೆ ಹಣೆಯ ಮೇಲೆ ಸುರುಳಿಗಟ್ಟಿದ ಕೂದಲು. ಕವಿಗಳು ನೇರ ಕೂದಲಿಗಿಂತ ಸುರುಳಿಗೂದಲನ್ನೇ ಹೆಚ್ಚಾಗಿ ಹೊಗಳಿದರು. ಬಾಲಕೃಷ್ಣನ ವರ್ಣನೆಯಲ್ಲಿ ಕುಟಿಲಕುಂತಲವಿಲ್ಲದೆ ಆಗದು. ದೇವರ ಪಟದಲ್ಲಿ ಕೈಮುಗಿದುದನ್ನು ಬೆಂಚಿನ ಮೇಲೆ ಕಂಡಾಗ ನಗುವದು ಎಂಥ ವಿದ್ಯೆ? ಅಂಥ ಕೂದಲಿಗೆ ಅಗಲ ಹಲ್ಲಿನ ಹಣಿಗೆ ಬೇಕು, ಒದ್ದೆಯಿರುವಾಗಲೇ ಎಣ್ಣೆ ಹಚ್ಚಿ ತುದಿಯಿಂದ ಬಿಡಿಸಬೇಕು, ಒತ್ತು ಹಣಿಗೆಯಿಂದ ಜಗ್ಗಿದರೆ ಅದು ತುಂಡಾಗುವದು. ಇಷ್ಟನ್ನು ತಿಳಿದ ಮಾಸ್ತರರು ಆ ಮಗುವಿಗೆ ನೂರು ನೀತಿವಚನಕ್ಕಿಂತ ಹೆಚ್ಚಿನ ಉಪಕಾರ ಮಾಡಿಯಾರು.

ಈಚಿನ ಜಗಳವೊಂದನ್ನು ಪತ್ರಿಕೆಗಳನ್ನೋದುವವರು ಬಲ್ಲರು. 2017ರಲ್ಲಿ ಬಂದ 'ಹೆಬ್ಬುಲಿ' ಎಂಬ ಚಲಚ್ಚಿತ್ರದಲ್ಲಿ ನಾಯಕನಟ ಸುದೀಪರ ತಲೆಯನ್ನು ಕಂಡ ಹುಡುಗರು, ಎರಡು ಮಗ್ಗುಲನ್ನೂ ಹೆರೆದು ನೆತ್ತಿಯ ಮೇಲೆ ಮಾತ್ರ ಕೂದಲನ್ನುಳಿಸುವ 'ಹೆಬ್ಬುಲಿ ಕಟಿಂಗ್' ಮಾಡಿಸಿಕೊಳ್ಳತೊಡಗಿದರು. 2023ರಲ್ಲಿ ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿಯ ಸರಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು, ವಿದ್ಯಾರ್ಥಿಗಳಿಗೆ ಇಂಥ ಕ್ಷೌರವನ್ನು ಮಾಡಬಾರದೆಂದು ಊರಿನ ಕ್ಷೌರಿಕರಿಗೆ ಪತ್ರ ಬರೆದರು. ಹುಡುಗರ ಲಕ್ಷ್ಯವು ಪಾಠದಿಂದ ತಪ್ಪುವದೆಂಬ ಅವರ ಕಳವಳವು ಅನೇಕ ಗುರುಗಳ ಕಳವಳವೇ. ಹುಡುಗರನ್ನು ಜರೆಯದೆ ದೊಡ್ಡವರೊಡನೆ ಮಾತಾಡಿದ್ದು ವಿವೇಕವೇ. ಆದರೆ ಹಳೆಯ ಪಾಠಶಾಲೆಯನ್ನು ಕಂಡವರಿಗೆ ಇಲ್ಲಿ ಒಂದು ವಿನೋದವೂ ಕಾಣುವದು. ಸುತ್ತಲೂ ಬೋಳಿಸಿ ಮೇಲೆ ಮಾತ್ರ ಕೂದಲನ್ನು ಬಿಟ್ಟ ತಲೆಯೆಂದರೆ ಮುತ್ತಜ್ಜನ ತಲೆಯೇ ಅಲ್ಲವೆ? ಯಾವುದನ್ನು ಬಿಟ್ಟನೆಂದು ಅಜ್ಜನ ಮೇಲೆ ಮುತ್ತಜ್ಜನು ಸಿಟ್ಟಾದನೋ, ಅದರ ತಮ್ಮನಂಥದನ್ನೇ ಮೊಮ್ಮಗನು ತಂದನೆಂದು ಅಜ್ಜನು ಸಿಟ್ಟಾಗುವನು. ಜುಟ್ಟು ಹೋದರೂ ಜಗಳ, ಬಂದರೂ ಜಗಳ!

ವಿನೋದವು ಮುಗಿಯುವದು ಕತ್ತರಿಯು ಗುರುವಿನ ಕೈಗೆ ಬಂದಾಗ. ಉದ್ದ ಕೂದಲು ಬಿಟ್ಟ ಹುಡುಗನನ್ನು ತರಗತಿಯ ಮುಂದೆ ನಿಲ್ಲಿಸಿ, ಅಲ್ಲಲ್ಲಿ ಕತ್ತರಿಸಿ, ಹಾಗೆಯೇ ಮನೆಗೆ ಅಟ್ಟುವ ಶಿಕ್ಷೆಯು ಈಗಲೂ ಕೆಲವೆಡೆ ಕೇಳಿಬರುವದು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕೊಡಕೂಡದೆಂದು ನಿಷೇಧಿಸಿದೆ. ಕತ್ತರಿಸಿದ ಕೂದಲಿಗೆ ನೋವಿಲ್ಲವೆಂಬುದು ನಿಜ. ಅದು ಎರಡು ತಿಂಗಳಲ್ಲಿ ಬೆಳೆದೀತು. ಆದರೆ ಐವತ್ತು ಜನರ ನಗೆಯ ನಡುವೆ ತಲೆಯೊಡ್ಡಿ ನಿಂತ ಹುಡುಗನಿಗೆ ಆ ಗುರುವು ಮುಂದೆ ಕಲಿಸುವ ಯಾವ ಪಾಠವೂ ತಲೆಗೆ ಹತ್ತಲಾರದು.

ಹಾಗೆಂದು ಮಕ್ಕಳನ್ನು ಅವರ ಮನಸ್ಸು ಬಂದಂತೆ ಬಿಡಬೇಕೆಂದಲ್ಲ. ಇನ್ನೊಂದು ಕಡೆಯ ಅತಿರೇಕವೂ ಪಟ್ಟಣದ ಮನೆಗಳಲ್ಲಿ ಕಾಣತೊಡಗಿದೆ. ನಾಲ್ಕು ವರ್ಷದ ಮಗುವಿನ ಕೂದಲಿಗೆ ಬಣ್ಣ ಬಳಿದು, ಕಾಯಿಸಿದ ಕಬ್ಬಿಣದಿಂದ ನೇರಗೊಳಿಸಿ, ಫೋಟೋ ತೆಗೆದು ಊರಿಗೆಲ್ಲ ತೋರಿಸುವ ತಾಯಿತಂದೆಗಳಿದ್ದಾರೆ. ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿ ಇರುವ ರಾಸಾಯನಿಕಗಳಿಂದ ಎಳೆಯ ಚರ್ಮವು ಬೊಬ್ಬೆಯೇಳುವದುಂಟು. ಅದಕ್ಕಿಂತಲೂ, ತಾನಿದ್ದಂತೆ ಇದ್ದರೆ ಸಾಲದೆಂಬ ಭಾವನೆಯು ಆ ಮಗುವಿನಲ್ಲಿ ಅಷ್ಟು ಬೇಗ ಬೇರೂರುವದು ಕೇಡು. ನಾಚಿಸುವ ಕೈಯೂ ಮೆರೆಸುವ ಕೈಯೂ ಕೊನೆಗೆ ಹೇಳುವ ಮಾತು ಒಂದೇ: ನಿನ್ನ ಬೆಲೆಯು ನೋಡುವವರ ಕಣ್ಣಿನಲ್ಲಿದೆ.

ಹಾಗಾದರೆ ಕಲಿಸಬೇಕಾದುದೇನು? ಐದಾರು ವರ್ಷದವರೆಗೆ ದೊಡ್ಡವರ ಕೈಯೇ ಮಗುವಿನ ಹಣಿಗೆ. ಆ ಕೈಗೆ ಅವಸರವಿರಬಾರದು. ಏಳೆಂಟು ವರ್ಷಕ್ಕೆ ತಾನೇ ಬಾಚಿಕೊಳ್ಳುವದನ್ನು ಕಲಿಸಬೇಕು. ಬೈತಲೆಯು ಸೊಟ್ಟಗಾದರೆ ನಗದೆ ಎರಡು ದಿನ ಕಾಯಬೇಕು. ತನ್ನ ಹಣಿಗೆ ತನಗೆ, ವಾರಕ್ಕೊಮ್ಮೆಯಾದರೂ ಅದನ್ನು ತೊಳೆಯತಕ್ಕದ್ದು. ಕೊಳೆಯನ್ನು ಕೊಳೆಯೆನ್ನಬೇಕು, ಗುಂಗುರು, ನೇರ, ತೆಳುವು, ದಟ್ಟ ಇವು ಯಾವವನ್ನೂ ಕೊಳೆಯೆನ್ನಬಾರದು. ಹತ್ತು ದಾಟಿದ ಹುಡುಗನೊಡನೆ ಕ್ಷೌರದಂಗಡಿಗೆ ಹೋದಾಗ, 'ತಮಾ, ನಿನಗೆ ಹೇಗೆ ಬೇಕು?' ಎಂದು ಒಮ್ಮೆ ಕೇಳಿದರೆ ತಂದೆಯ ಅಧಿಕಾರವೇನೂ ಕುಂದದು. ಶಾಲೆಯ ನಿಯಮವು ಇಂಥದೆಂದು ಹೇಳಿ, ಅದರೊಳಗೆ ಆರಿಸಿಕೊಳ್ಳೆಂದರೆ ಹುಡುಗನು ನಿಯಮವನ್ನೂ ಕಲಿಯುವನು, ಆರಿಸುವದನ್ನೂ ಕಲಿಯುವನು. ಕೆಲಸ ಮುಗಿಸಿದ ಕ್ಷೌರಿಕನಿಗೆ ಹಣವನ್ನು ಮಗನ ಕೈಯಿಂದಲೇ ಕೊಡಿಸಿ, ಒಂದು ಒಳ್ಳೆಯ ಮಾತನ್ನು ಆಡಿಸುವದು ಆ ಪಾಠದ ಕೊನೆಯ ಭಾಗ.

ಜುಟ್ಟು, ಕ್ರಾಪು, ಕಾಕಪಕ್ಷ, ಹೆಬ್ಬುಲಿ ಎಲ್ಲವೂ ಕಾಲದ ಮಾತು. ಬೆಳೆದದ್ದು ಕತ್ತರಿಗೆ ಹೋಗುವದು, ಕತ್ತರಿಸಿದ್ದು ಮತ್ತೆ ಬೆಳೆಯುವದು. ಅದನ್ನು ಕತ್ತರಿಸಿದ ಕೈ ಹೇಗಿತ್ತೆಂಬ ನೆನಪು ಮಾತ್ರ ನರೆಗೂದಲಿನ ಕಾಲಕ್ಕೂ ಉಳಿಯುವದು. ಆದುದರಿಂದ ತಾಯಿಯಾಗಲಿ, ಮಾಸ್ತರರಾಗಲಿ, ಕ್ಷೌರಿಕರಾಗಲಿ ಮಗುವಿನ ತಲೆಗೆ ಕೈಯಿಡುವ ಮೊದಲು, ಕತ್ತಿಯನ್ನು ಬೇಡಿಕೊಂಡ ಆ ಮಾತನ್ನು ತಮ್ಮ ಕೈಗೆ ತಾವೇ ಒಮ್ಮೆ ಹೇಳಿಕೊಳ್ಳಲಿ.